ಇಳಿಸುವ ದಾರಿಗೆ ಬೀಗ ಹಾಕುವಾಗ ನಾನೂ ಕೈ ಎತ್ತಿದ್ದೆ

ನಾನು 11 ವರ್ಷ ಒಂದು ಸಂಘದ ಸದಸ್ಯನಾಗಿದ್ದೆ. ಕೊನೆಯ 5 ವರ್ಷ ಅದರ ಜಂಟಿ ಕಾರ್ಯದರ್ಶಿ. ಸಂಘದ ಹೆಸರು ಬೇಡ, ಅಧ್ಯಕ್ಷರ ಹೆಸರೂ ಬೇಡ. ಸುಮಾರು 600 ಸದಸ್ಯರು. ಎರಡು ವರ್ಷಕ್ಕೊಮ್ಮೆ ಚುನಾವಣೆ. ಒಬ್ಬರು ಎರಡು ಅವಧಿಗಿಂತ ಜಾಸ್ತಿ ಅಧ್ಯಕ್ಷರಾಗುವ ಹಾಗಿಲ್ಲ. ವರ್ಷಕ್ಕೊಂದು ಸರ್ವಸದಸ್ಯರ ಸಭೆ. ಚಿಕ್ಕದೊಂದು ಪ್ರಜಾಪ್ರಭುತ್ವ ಅನ್ನಿ. ಅದು ನನ್ನ ಕಣ್ಣೆದುರೇ ಒಬ್ಬರ ಸ್ವಂತ ಆಸ್ತಿಯ ಹಾಗಾಯಿತು. ಕಣ್ಣೆದುರು ಅಂದರೆ ಸಾಲದು. ನಡಾವಳಿ ಪುಸ್ತಕದಲ್ಲಿ ಒಂದೊಂದು ಠರಾವಿನ ಕೆಳಗೂ ನನ್ನ ಸಹಿ ಇದೆ.

ಈಗ ನನ್ನನ್ನು ಹೊರಗೆ ಹಾಕಿದ್ದಾರೆ. ಆ ಸಂಕಟ ತೋಡಿಕೊಳ್ಳಲು ಬರೆಯುತ್ತಿಲ್ಲ. ಸ್ವಲ್ಪ ಅದೂ ಇದೆ ಬಿಡಿ. ಹೊರಗೆ ಬಿದ್ದ ಮೇಲೆ ಕೈಯಲ್ಲಿ ಪುರುಸೊತ್ತು ಇತ್ತು. ದೇಶ ದೇಶಗಳಲ್ಲಿ ಪ್ರಜಾಪ್ರಭುತ್ವ ಹೇಗೆ ಕೈತಪ್ಪಿ ಹೋಯಿತು ಅಂತ ಓದುತ್ತಾ ಕೂತೆ. ಎಲ್ಲಿ ನೋಡಿದರೂ ನಮ್ಮ ಸಂಘದ ಸಭೆಯೇ ಕಾಣತೊಡಗಿತು. ಅಲ್ಲಿ ಸೈನ್ಯ, ಕೋರ್ಟು, ಸಂಸತ್ತು. ಇಲ್ಲಿ ಪ್ಲಾಸ್ಟಿಕ್ ಕುರ್ಚಿ, ಮೈಕು. ವ್ಯತ್ಯಾಸ ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ಆ ಅಧ್ಯಕ್ಷರು ಒಳ್ಳೆಯ ಕೆಲಸಗಾರರು. ಹಿಂದಿನ ಕಮಿಟಿಯವರು ಮೂರು ವರ್ಷದ ಲೆಕ್ಕ ಬಾಕಿ ಇಟ್ಟು ಹೋಗಿದ್ದರು. ಇವರು ಮೂರು ತಿಂಗಳಲ್ಲಿ ಸರಿ ಮಾಡಿದರು. ಫೋನ್ ಮಾಡಿದರೆ ಎತ್ತುತ್ತಿದ್ದರು. ಸದಸ್ಯರ ಮಕ್ಕಳ ಹೆಸರೂ ಅವರಿಗೆ ಗೊತ್ತಿತ್ತು. ಇಂಥವರಿಗೆ ಓಟು ಹಾಕದೆ ಇನ್ಯಾರಿಗೆ ಹಾಕುವುದು?

ನಾವೆಲ್ಲ ತಪ್ಪುವುದೇ ಇಲ್ಲಿ. ಸರ್ವಾಧಿಕಾರ ಅಂದರೆ ಕಣ್ಣ ಮುಂದೆ ಬರುವುದು 1973ರ ಸೆಪ್ಟೆಂಬರ್ 11ರ ಚಿಲಿ. ಅಧ್ಯಕ್ಷರ ಅರಮನೆ ಮೇಲೆ ದೇಶದ ಸೈನ್ಯವೇ ಯುದ್ಧವಿಮಾನದಿಂದ ಬಾಂಬ್ ಹಾಕಿತು. ಅದನ್ನು ಯಾರಾದರೂ ಗುರುತಿಸುತ್ತಾರೆ. ಆದರೆ 1933ರ ಜನವರಿ 30ರಂದು ಜರ್ಮನಿಯಲ್ಲಿ ಹಿಟ್ಲರ್ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆದದ್ದು ಸಂವಿಧಾನದ ಪ್ರಕಾರವೇ. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮಾರನೇ ದಿನವೇ ನಾಗರಿಕ ಹಕ್ಕುಗಳು ಹೋದವು. ಮಾರ್ಚ್ 23ರಂದು, ಸಂಸತ್ತನ್ನು ಕೇಳದೆ ಸರ್ಕಾರವೇ ಕಾನೂನು ಮಾಡಬಹುದು ಅನ್ನುವ ಕಾಯ್ದೆಯನ್ನು ಸಂಸತ್ತೇ ಪಾಸು ಮಾಡಿತು. 444 ಓಟು ಪರ, 94 ವಿರೋಧ. ಕಮ್ಯುನಿಸ್ಟರನ್ನು ಒಳಗೇ ಬಿಟ್ಟಿರಲಿಲ್ಲ. ಸಭೆಯ ಒಳಗೆ ಪಕ್ಷದ ಸಮವಸ್ತ್ರದ ಗೂಂಡಾಗಳು ನಿಂತಿದ್ದರು. ಅಷ್ಟಾದರೂ ಸೋಷಿಯಲ್ ಡೆಮಾಕ್ರಾಟ್ ಪಕ್ಷದ ಓಟೊ ವೆಲ್ಸ್ ಎದ್ದು ನಿಂತು ಬೇಡ ಅಂತ ಮಾತಾಡಿದರು. ಆ ಕಾಯ್ದೆಗೆ ನಾಲ್ಕೇ ವರ್ಷದ ಆಯಸ್ಸು ಅಂತ ಬರೆದಿತ್ತು. ಅದನ್ನು ನಂಬಿ ಕೈ ಎತ್ತಿದವರೂ ಇದ್ದಿರಬೇಕು. ಜುಲೈ 14ಕ್ಕೆ ದೇಶದಲ್ಲಿ ಒಂದೇ ಪಕ್ಷ ಇರಬಹುದು ಅಂತ ಕಾನೂನಾಯಿತು. ಎಲ್ಲ ಸೇರಿ ಆರು ತಿಂಗಳೂ ಆಗಿರಲಿಲ್ಲ.

ನಮ್ಮಲ್ಲಿ ಇಷ್ಟು ಅವಸರ ಇರಲಿಲ್ಲ. ಐದು ವರ್ಷ ಹಿಡಿಯಿತು. ಈಗೆಲ್ಲ ಹೀಗೆ ನಿಧಾನವಾಗಿ ಆಗುವುದೇ ಜಾಸ್ತಿ.

ಮೊದಲು ಹೋದದ್ದು ಲೆಕ್ಕ ನೋಡುವವರು. ಸಂಘದಲ್ಲಿ ಮೂವರ ಆಂತರಿಕ ಆಡಿಟ್ ಕಮಿಟಿ ಇತ್ತು. ಅದರಲ್ಲಿ ಇಬ್ಬರು ಹಿರಿಯರು. ಪ್ರತಿಯೊಂದಕ್ಕೂ ಬಿಲ್ ಕೇಳುತ್ತಿದ್ದರು, ಕೆಲಸ ನಿಧಾನವಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಅವರ ಮೇಲೆ ಸಿಟ್ಟಿತ್ತು. ಅಧ್ಯಕ್ಷರು ಒಂದು ಸಣ್ಣ ತಿದ್ದುಪಡಿ ತಂದರು. ಆಡಿಟ್ ಕಮಿಟಿಯಲ್ಲಿ 65 ದಾಟಿದವರು ಇರುವ ಹಾಗಿಲ್ಲ, ಹಿರಿಯರಿಗೆ ವಿಶ್ರಾಂತಿ ಬೇಕಲ್ವಾ. ಚಪ್ಪಾಳೆ ತಟ್ಟಿ ಕಳಿಸಿಕೊಟ್ಟೆವು.

ಹಂಗೇರಿಯ ವಿಷಯ ಓದುವಾಗ ಆ ಚಪ್ಪಾಳೆ ಕಿವಿಯಲ್ಲಿ ಕೇಳಿಸಿತು. 2010ರಲ್ಲಿ ಅಲ್ಲಿ ಗೆದ್ದ ಪಕ್ಷಕ್ಕೆ ಮೂರನೇ ಎರಡು ಭಾಗ ಸೀಟು ಸಿಕ್ಕಿತು. ಹೊಸ ಸಂವಿಧಾನ ಬಂತು. 2012ರಲ್ಲಿ ನ್ಯಾಯಾಧೀಶರ ನಿವೃತ್ತಿ ವಯಸ್ಸು ಒಮ್ಮೆಲೇ 70ರಿಂದ 62ಕ್ಕೆ ಇಳಿಯಿತು. ಯಾರನ್ನೂ ವಜಾ ಮಾಡಲಿಲ್ಲ, ಸುಮ್ನೆ ವಯಸ್ಸಾಯಿತು ಅಷ್ಟೇ! ಅದೇ ವರ್ಷ ನವೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಇದು ತಪ್ಪು ಅಂತ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಬಹಳ ಕುರ್ಚಿಗಳಲ್ಲಿ ಬೇರೆಯವರು ಕೂತಾಗಿತ್ತು. ಪೋಲೆಂಡ್ 2018ರಲ್ಲಿ ಇದೇ ಉಪಾಯ ಮಾಡಿತು. ಸುಪ್ರೀಂ ಕೋರ್ಟಿನವರಿಗೆ 70 ಇದ್ದದ್ದು 65 ಆಯಿತು. ಅಲ್ಲಿನ ಮುಖ್ಯಸ್ಥೆ ಮಾಲ್ಗೊರ್ಜಾಟಾ ಗೆರ್ಸ್‌ಡೋರ್ಫ್ ಮಾತ್ರ ಮಾರನೇ ಬೆಳಿಗ್ಗೆ ಎಂದಿನಂತೆ ಕೆಲಸಕ್ಕೆ ಬಂದರು. ಹೊರಗೆ ಜನ ಸೇರಿದ್ದರು. ಕೊನೆಗೆ ಸರ್ಕಾರವೇ ಆ ಕಾನೂನನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ನಮ್ಮ ಇಬ್ಬರು ಹಿರಿಯರು ಮಾರನೇ ದಿನ ಬರಲಿಲ್ಲ. ಬಂದಿದ್ದರೆ ನಾನು ಬಾಗಿಲು ತೆಗೆಯುತ್ತಿದ್ದೆ ಅಂತ ಹೇಳುವ ಧೈರ್ಯ ನನಗಿಲ್ಲ.

ಆಮೇಲೆ ವಾಟ್ಸಾಪ್ ಗ್ರೂಪ್. ಗುಡ್ ಮಾರ್ನಿಂಗ್ ಮೆಸೇಜ್ ಜಾಸ್ತಿಯಾಯಿತು ಅಂತ, ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿದರು. ಎಲ್ಲರೂ ಸದ್ಯ ಪಾರಾದೆವು ಅಂದರು. ಸಂಘದ ಮಾಸಪತ್ರಿಕೆಯನ್ನೂ ನಿಲ್ಲಿಸಲಿಲ್ಲ, ಸಂಪಾದಕರನ್ನು ಬದಲಾಯಿಸಿದರು. ಪ್ರತಿ ಪುಟದಲ್ಲೂ ಅಧ್ಯಕ್ಷರ ಫೋಟೋ. ಹಳೇ ಕಾಲದ ವಿಧಾನ ಒರಟಾಗಿತ್ತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಾಗ ದೆಹಲಿಯ ಪತ್ರಿಕೆಗಳ ಕರೆಂಟ್ ತೆಗೆದರು. ಕತ್ತಲಾದರೆ ಯಾರಿಗಾದರೂ ಗೊತ್ತಾಗುತ್ತದೆ. ಹಂಗೇರಿಯಲ್ಲಿ 2018ರಲ್ಲಿ ಸರ್ಕಾರದ ಪರ ಇದ್ದ ಮಾಲೀಕರು 400ಕ್ಕೂ ಜಾಸ್ತಿ ಪತ್ರಿಕೆ, ರೇಡಿಯೊ, ವೆಬ್‌ಸೈಟುಗಳನ್ನು ಒಂದೇ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರು, ಅದೂ ಪುಕ್ಕಟೆ. ಬೆಳಿಗ್ಗೆ ಪೇಪರ್ ಬರುತ್ತಲೇ ಇತ್ತು. ಕರೆಂಟೂ ಇತ್ತು.

ನಾಲ್ಕನೇ ವರ್ಷ ಸಂಘದ ಮೇಲೆ ಒಂದು ದೊಡ್ಡ ಕೇಸ್ ಬಿತ್ತು. ಇಂಥ ಹೊತ್ತಲ್ಲಿ ಚುನಾವಣೆ ಬೇಡ, ಒಗ್ಗಟ್ಟು ಬೇಕು ಅಂದರು. ಆರು ತಿಂಗಳು ಮುಂದಕ್ಕೆ ಹಾಕಿದೆವು. ಆಮೇಲೆ ಇನ್ನೊಂದು ಆರು ತಿಂಗಳು. ಕಷ್ಟ ನಿಜವೇ ಆಗಿತ್ತು, ಅದು ನಾಟಕ ಅಲ್ಲ. ಟರ್ಕಿಯಲ್ಲಿ 2016ರ ಜುಲೈಯಲ್ಲಿ ನಡೆದ ಸೈನಿಕ ದಂಗೆಯ ಪ್ರಯತ್ನವೂ ನಿಜ, ಜನ ಸತ್ತದ್ದೂ ನಿಜ. ಆದರೆ ಮಾರನೇ ದಿನವೇ 2,745 ನ್ಯಾಯಾಧೀಶರನ್ನು ಕೆಲಸದಿಂದ ದೂರ ಇಟ್ಟರು. ಒಂದೇ ರಾತ್ರಿಯಲ್ಲಿ ಅಷ್ಟು ಹೆಸರು ಯಾರು ಬರೆದರು? ಪಟ್ಟಿ ಮೊದಲೇ ಇತ್ತು ಅಂತ ನನಗೆ ಅನ್ನಿಸುತ್ತದೆ. ಮೂರು ತಿಂಗಳಿಗೆ ಅಂತ ಹೇರಿದ ತುರ್ತು ಪರಿಸ್ಥಿತಿ ಎರಡು ವರ್ಷ ನಡೆಯಿತು.

ಎಲ್ ಸಾಲ್ವಡಾರ್‌ನ ಕಥೆ ಇನ್ನೂ ತೊಡಕಿನದು. 2022ರ ಮಾರ್ಚ್‌ನಲ್ಲಿ ಗ್ಯಾಂಗ್‌ಗಳನ್ನು ಮಟ್ಟ ಹಾಕಲು 30 ದಿನದ ವಿಶೇಷ ಸ್ಥಿತಿ ಅಂದರು. ಅದನ್ನು ತಿಂಗಳು ತಿಂಗಳೂ ಮುಂದುವರಿಸುತ್ತಾ ವರ್ಷಗಳೇ ಕಳೆದವು. ಕೊಲೆಗಳು ಭಾರೀ ಕಡಿಮೆಯಾದವು, ಜನ ಖುಷಿಯಾಗಿಯೇ ಇದ್ದರು. ಇದನ್ನು ಮುಚ್ಚಿಟ್ಟು ಎಚ್ಚರಿಕೆ ಬರೆದರೆ ಯಾರೂ ನಂಬುವುದಿಲ್ಲ, ನಂಬಬಾರದು ಕೂಡ. ನಮ್ಮ ಅಧ್ಯಕ್ಷರೂ ಆ ಕೇಸ್ ಗೆದ್ದರು. ಕೆಲಸ ಆಗುತ್ತಿತ್ತಾ ಅಂತ ಕೇಳಿದರೆ ಆಗುತ್ತಿತ್ತು. ನಾವು ಕೇಳದೇ ಬಿಟ್ಟ ಪ್ರಶ್ನೆ ಬೇರೆ. ನಾಳೆ ಕೆಲಸ ಆಗದಿದ್ದರೆ ಇವರನ್ನು ಇಳಿಸುವುದು ಹೇಗೆ? ಎಲ್ ಸಾಲ್ವಡಾರ್‌ನಲ್ಲಿ 2021ರ ಮೇ 1ರಂದೇ ಹೊಸ ಶಾಸನಸಭೆ ಸಂವಿಧಾನ ಪೀಠದ ಐವರು ನ್ಯಾಯಾಧೀಶರನ್ನು ತೆಗೆದಿತ್ತು. ಹೊಸಬರು ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಮತ್ತೆ ನಿಲ್ಲಬಹುದು ಅಂದರು. 2025ರ ಜುಲೈ 31ರಂದು ಎಷ್ಟು ಸಲ ಬೇಕಾದರೂ ನಿಲ್ಲಬಹುದು ಅಂತಾಯಿತು. ಪರ 57, ವಿರೋಧ 3.

ಹಾಗಾಗಿ ನಿಮ್ಮ ದೇಶವಾಗಲಿ ಸಂಘವಾಗಲಿ, ಒಂದು ನಿಯಮ ಬದಲಾಗುವಾಗ ಅದು ಯಾವ ನಿಯಮ ಅಂತ ನೋಡಿ. ರಸ್ತೆ, ತೆರಿಗೆ, ಶಾಲೆ ಇವುಗಳ ನಿಯಮ ಬದಲಾದರೆ ಜಗಳ ಆಡೋಣ, ಮುಂದಿನ ಸಲ ಸರಿ ಮಾಡೋಣ. ಲೆಕ್ಕ ಕೇಳುವವರು, ತೀರ್ಪು ಕೊಡುವವರು, ಚುನಾವಣೆ ನಡೆಸುವವರು, ಸುದ್ದಿ ಮುಟ್ಟಿಸುವವರು ಯಾರು ಅನ್ನುವ ನಿಯಮ ಬದಲಾಗುತ್ತಿದ್ದರೆ ಕುರ್ಚಿಯಿಂದ ಎದ್ದು ನಿಲ್ಲಿ. 1975ರಲ್ಲಿ ಭಾರತದಲ್ಲೂ ಆದದ್ದು ಇದೇ. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನೇ ರದ್ದು ಮಾಡಿತು. ಆಗಸ್ಟ್‌ನಲ್ಲಿ 39ನೇ ತಿದ್ದುಪಡಿ ಬಂತು, ಪ್ರಧಾನಿಯ ಆಯ್ಕೆಯನ್ನು ಕೋರ್ಟು ಪ್ರಶ್ನಿಸುವ ಹಾಗಿಲ್ಲ ಅಂತ. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಚುನಾವಣೆ ತಡವಾಯಿತು, ಆದರೆ 1977ರ ಮಾರ್ಚ್‌ನಲ್ಲಿ ನಡೆಯಿತು. ಪ್ರಧಾನಿ ಸೋತರು, ಇಳಿದರು. ದಾರಿ ಪೂರ್ತಿ ಮುಚ್ಚಿರಲಿಲ್ಲ.

ನಮ್ಮದು ಮುಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ಐದನೇ ವರ್ಷದ ಸರ್ವಸದಸ್ಯರ ಸಭೆ. ಬೈಲಾ ತಿದ್ದುಪಡಿ ಒಂದೇ ಕಂತೆಯಲ್ಲಿ ಬಂತು, 23 ಅಂಶ. ಮೊದಲ 20 ಬರೀ ಕಾಗುಣಿತ, ವಿಳಾಸ, ಇಂಥವು. 21: ಎರಡೇ ಅವಧಿ ಅನ್ನುವ ಮಿತಿ ತೆಗೆಯುವುದು. 22: ವಿಶೇಷ ಸಭೆ ಕರೆಯಲು 60 ಸದಸ್ಯರ ಸಹಿ ಸಾಕಿದ್ದದ್ದು 200 ಆಗುವುದು, ಅಷ್ಟೂ ಜನ ಒಂದೇ ದಿನ ಕಚೇರಿಗೆ ಬಂದು ಸಹಿ ಹಾಕುವುದು. 23: ಸಂಘಕ್ಕೆ ಕೆಟ್ಟ ಹೆಸರು ತರುವವರ ಮೇಲೆ ಶಿಸ್ತು ಸಮಿತಿ, ಸಮಿತಿಯನ್ನು ಅಧ್ಯಕ್ಷರೇ ನೇಮಿಸುವುದು. ಆ ಕೊನೆಯದ್ದರ ಕರಡು ಬರೆದವನು ನಾನು. ಭಾಷೆ ಚೆನ್ನಾಗಿದೆ ಅಂತ ಹೊಗಳಿಸಿಕೊಂಡಿದ್ದೆ.

ಹಿಂದಿನ ಸಾಲಿನಿಂದ ಒಬ್ಬರು ಮೇಡಂ ಎದ್ದರು. ‘ಸರ್, ನಾಳೆ ನಿಮ್ಮ ಕುರ್ಚಿಯಲ್ಲಿ ನಿಮಗೆ ಆಗದವರು ಕೂತರೂ ಈ ನಿಯಮ ನಿಮಗೆ ಒಪ್ಪಿಗೆಯಾ?’ ಅಂತ ಕೇಳಿದರು. ಇಷ್ಟು ಓದಿದ ಮೇಲೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಎಲ್ಲೂ ಸಿಕ್ಕಿಲ್ಲ. ಅಧ್ಯಕ್ಷರು ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನ ಯಾರೋ, ‘ಕೂತ್ಕೊಳ್ಳಿ ಮೇಡಂ, ಊಟಕ್ಕೆ ಹೊತ್ತಾಯ್ತು’ ಅಂದರು. ಸಭೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಕೈ ಎತ್ತಿದೆ.

ಜನ ಇಂಥದ್ದಕ್ಕೆ ಖುಷಿಪಡುವುದು ಹೊಸದಲ್ಲ. 1992ರ ಏಪ್ರಿಲ್ 5ರಂದು ಪೆರುವಿನಲ್ಲಿ ಅಧ್ಯಕ್ಷ ಫುಜಿಮೋರಿ ಸಂಸತ್ತನ್ನು ಮುಚ್ಚಿದಾಗ ಜನ ಹೆಚ್ಚಾಗಿ ಅವರ ಪರವೇ ಇದ್ದರು. 2021ರ ಜುಲೈ 25ರ ರಾತ್ರಿ ಟುನೀಶಿಯಾದ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತು ಮಾಡಿದಾಗ ಜನ ಬೀದಿಗಿಳಿದು ಹಾರ್ನ್ ಹೊಡೆದರು. ಮುಂದಿನ ವರ್ಷ ಜೂನ್‌ನಲ್ಲಿ 57 ನ್ಯಾಯಾಧೀಶರು ಮನೆಗೆ ಹೋದರು.

ಆಮೇಲೆ ಆದದ್ದು ಬೇಗ ಹೇಳಿ ಮುಗಿಸುತ್ತೇನೆ. ಒಂದು ಖರ್ಚಿನ ಬಿಲ್ ಕೇಳಿದೆ. ಒಂದೇ ಬಿಲ್. ‘ಸಂಘದ್ರೋಹಿ’ ಅನ್ನುವ ಪದ ನನ್ನ ಹೆಸರಿಗೆ ಅಂಟಿತು. ಆ ಪದವನ್ನು ಅದಕ್ಕೆ ಮೊದಲು ಬೇರೆಯವರ ಮೇಲೆ ನಾನೇ ಎರಡು ಸಲ ಬಳಸಿದ್ದೆ. ಮೂರು ದಿನದಲ್ಲಿ ಉತ್ತರ ಕೊಡಿ ಅಂತ ನೋಟಿಸ್ ಬಂತು, ನನ್ನದೇ ಕರಡಿನ ಭಾಷೆಯಲ್ಲಿ. ಸದಸ್ಯತ್ವ ರದ್ದು. ಮೇಲ್ಮನವಿ ಬೇಕಿದ್ದರೆ ವಿಶೇಷ ಸಭೆ ಕರೆಸಬೇಕು. ಅದಕ್ಕೆ 200 ಸಹಿ, ಒಂದೇ ದಿನ. ಬಂದವರು 143 ಜನ. ‘ನಿನ್ನ ಮಾತು ಸರಿ, ನನ್ನ ಹೆಸರು ಮಾತ್ರ ಬೇಡ’ ಅಂತ ಫೋನಿನಲ್ಲಿ ಹೇಳಿದವರ ಲೆಕ್ಕ ಇಟ್ಟಿಲ್ಲ. ಅವರ ಮೇಲೆ ಸಿಟ್ಟೂ ಇಲ್ಲ, ಆ ಜಾಗದಲ್ಲಿ ನಾನು ಐದು ವರ್ಷ ಕೂತಿದ್ದೆ.

ತಡ ಮಾಡಬೇಡಿ ಅನ್ನುವುದು ಇದಕ್ಕೇ. ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷರು ಟಿವಿಯಲ್ಲಿ ಸೈನಿಕ ಆಡಳಿತ ಘೋಷಿಸಿದರು. ಸಂಸದರು ಬೇಲಿ ಹಾರಿ ಸಂಸತ್ತಿನ ಒಳಗೆ ಹೋದರು. ಸಿಬ್ಬಂದಿ ಮೇಜು ಕುರ್ಚಿ ಅಡ್ಡ ಇಟ್ಟು ಸೈನಿಕರನ್ನು ತಡೆದರು. ಮೂರು ಗಂಟೆಯೊಳಗೆ 190 ಸಂಸದರು ಸೇರಿ ಓಟು ಹಾಕಿದರು, 190ಕ್ಕೆ 190 ವಿರೋಧ. ಬೆಳಗಾಗುವುದರೊಳಗೆ ಆ ಆದೇಶ ಬಿದ್ದುಹೋಗಿತ್ತು. ಪೋಲೆಂಡಿನವರಿಗೆ ಎಂಟು ವರ್ಷ ಹಿಡಿಯಿತು. 2023ರ ಅಕ್ಟೋಬರ್‌ನಲ್ಲಿ ಶೇ 74ರಷ್ಟು ಮತದಾನ ಆಗಿ ಸರ್ಕಾರ ಬದಲಾಯಿತು. ಆಮೇಲೂ ಕೋರ್ಟುಗಳನ್ನು ಸರಿ ಮಾಡುವುದು ಹೈರಾಣದ ಕೆಲಸವಾಯಿತು.

ಹೊರಗೆ ಬರುವಾಗ ಆ ಸಭೆಯ ನಡಾವಳಿಯ ಜೆರಾಕ್ಸ್ ತಂದಿಟ್ಟುಕೊಂಡಿದ್ದೆ, ಮುಂದೆ ಕೇಸಿಗೆ ಬೇಕಾಗಬಹುದು ಅಂತ. ಮೊನ್ನೆ ತೆಗೆದು ನೋಡಿದೆ. ಮೇಡಂ ಕೇಳಿದ ಪ್ರಶ್ನೆಯನ್ನು ಹುಡುಕಿದೆ. ಇಲ್ಲ. ಅವರು ಕೈ ಎತ್ತಲಿಲ್ಲ ಅನ್ನುವುದೂ ಇಲ್ಲ. ‘21ರಿಂದ 23ರವರೆಗಿನ ತಿದ್ದುಪಡಿಗಳನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಅಂತಿದೆ. ಅಕ್ಷರ ನನ್ನದು.