ಮನೆಯಲ್ಲೇ ಕಟ್ಟಿದ ಸೋಲಾರ್ ಕಿಲ್ನ್: ಧಾರವಾಡದ ಹವೆಯಲ್ಲಿ ದೀರ್ಘ ಬಳಕೆಯ ವಿಮರ್ಶೆ

ಸೋಲಾರ್ ಕಿಲ್ನ್ ಎಂದರೆ ಬಿಸಿಲಿನ ಕಾವಿನಲ್ಲಿ ಹಸಿ ಕಟ್ಟಿಗೆ ಒಣಗಿಸುವ ಪೆಟ್ಟಿಗೆ. ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಂದು, ಒಂದೂವರೆ ಇಂಚಿನ ಹಲಗೆ ಒಣಗಿಸಲು ಈ ಪೆಟ್ಟಿಗೆ ಚೆನ್ನಾಗಿದೆ. ಮೂರಿಂಚಿನ ಚೌಕಟ್ಟಿನ ಕಟ್ಟಿಗೆಗೆ ಇದರ ಉಸಾಬರಿ ಬೇಡ. ಹುಬ್ಬಳ್ಳಿ-ಧಾರವಾಡದ ಬೇಸಿಗೆಯಲ್ಲಿ ಬಿಸಿಲಿಗೇನು ಬರ? ಹಸಿ ಹಲಗೆ ಕೆಡುವುದು ತೇವ ಭರಭರನೆ ಹೊರಬಿದ್ದಾಗ. ಹೀಗಾಗಿ ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ಭಾಗವೆಂದರೆ ಗಾಳಿಕಿಂಡಿಯ ಮುಚ್ಚಳ.

ಒಳಗೆ 8 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಪೆಟ್ಟಿಗೆಗೆ 7 ಅಡಿಯ ಹಲಗೆ 25ರಿಂದ 28 ಘನ ಅಡಿ ಹಿಡಿಯುತ್ತದೆ. ಅಷ್ಟಕ್ಕೆ ಬಿಸಿಲು ಒಳಬಿಡುವ ಪಾಲಿಕಾರ್ಬೋನೇಟ್ ಪ್ಲಾಸ್ಟಿಕ್ ಶೀಟಿನ ಮಾಡು (ಛಾವಣಿ) ಸುಮಾರು 40 ಚದರ ಅಡಿ ಇದ್ದರೆ ಸಾಕು. ಮಾಡು ದೊಡ್ಡದಾಗಿ, ಕಟ್ಟಿಗೆ ಕಡಿಮೆಯಾದರೆ ಸೀಳು ಗ್ಯಾರಂಟಿ. ಅಮೆರಿಕದ ನಕ್ಷೆಗಳಲ್ಲಿ ಮಾಡಿನ ಓರೆ 40 ಡಿಗ್ರಿಯ ಆಸುಪಾಸು ಇರುತ್ತದೆ. ಅದು ಅಲ್ಲಿನ ಅಕ್ಷಾಂಶದ ಲೆಕ್ಕ. ಧಾರವಾಡ ಇರುವುದು 15 ಡಿಗ್ರಿ ಚಿಲ್ಲರೆಯಲ್ಲಿ, ಮೇ ಆರಂಭಕ್ಕೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ದಕ್ಷಿಣಕ್ಕೆ 15 ಡಿಗ್ರಿ ಇಳಿಜಾರು ಕೊಟ್ಟರೆ ಮುಗಿಯಿತು.

6 ಮಿ.ಮೀ. ಪೊಳ್ಳು ಶೀಟಿನ ಯುವಿ ಲೇಪನದ ಮೈ ಮೇಲಕ್ಕಿರಲಿ. ತಲೆಕೆಳಗಾಗಿ ಕೂರಿಸಿದ ಶೀಟು ಬೇಗ ಹಳದಿಗಟ್ಟುತ್ತದೆ. ಬಿಸಿಗೆ ಶೀಟು ಹಿಗ್ಗುವುದರಿಂದ 6 ಮಿ.ಮೀ. ಸ್ಕ್ರೂಗೆ 10 ಮಿ.ಮೀ. ತೂತು ಹಾಕಿ, ರಬ್ಬರ್ ವಾಷರ್ ಕೊಡಿ. ಗೋಡೆಗೆ ಐಎಸ್ 710 ದರ್ಜೆಯ, ಅಂದರೆ ನೀರು ತಡೆಯುವ ಮರೈನ್ ಪ್ಲೈವುಡ್. ಅಗ್ಗದ್ದು ಒಳಗಿನ ಹಬೆಗೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಒಳಮೈಗೆ ಎರಡು ಕೋಟು ಅಲ್ಯುಮಿನಿಯಂ ಪೇಂಟ್, ಅದರ ಮೇಲೆ ಮಂಕು ಕಪ್ಪು.

ಬುನಾದಿಯ ಮಾತು ಯಾರೂ ಎತ್ತುವುದಿಲ್ಲ. ಹುಬ್ಬಳ್ಳಿ, ಗದಗ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಬ್ಲಾಕ್ ಇಟ್ಟರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಟ್ಟ ತಪ್ಪುತ್ತದೆ. ಮೊದಲು ಬಾಗಿಲು ಕಚ್ಚುತ್ತದೆ, ಆಮೇಲೆ ಒಳಗೆ ಒಟ್ಟಿದ ಅಟ್ಟಿಯ ಹಲಗೆಗಳೆಲ್ಲ ಅದೇ ತಿರುಚಿನಲ್ಲಿ ಒಣಗುತ್ತವೆ. ಎರೆ ತೆಗೆದು ಗರಸು ತುಂಬಿ ದಮ್ಮಸು ಮಾಡಿಸಿ, ಅದರ ಮೇಲೆ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಬೇಕು. ಗೆದ್ದಲೂ ದೂರ.

ಫ್ಯಾನು ಈ ಪೆಟ್ಟಿಗೆಯ ದುರ್ಬಲ ಕೊಂಡಿ. ಮಧ್ಯಾಹ್ನ ಒಳಗೆ 55 ಡಿಗ್ರಿ ದಾಟಿದಾಗ ಪ್ಲಾಸ್ಟಿಕ್ ಎಕ್ಸಾಸ್ಟ್ ಫ್ಯಾನಿನ ಬುಷ್ ಜಾಮ್ ಆಗುತ್ತದೆ, ಕೆಪಾಸಿಟರ್ ಉಬ್ಬುತ್ತದೆ. ಬಾಲ್ ಬೇರಿಂಗ್ ಇರುವ 12 ಇಂಚಿನ ಲೋಹದ ಫ್ಯಾನ್ ಎರಡು ಹಾಕಿ, ಕೆಪಾಸಿಟರನ್ನು ವೈರ್ ಎಳೆದು ಪೆಟ್ಟಿಗೆಯ ಹೊರಗಿಡಿ. ಟೈಮರ್ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ. ರಾತ್ರಿ ಫ್ಯಾನ್ ಬೇಡವೇ ಬೇಡ: ಒಳಗಿನ ಗಾಳಿ ತಣಿದು ತೇವವೇರುತ್ತದೆ, ಹಲಗೆಯ ಮೇಲ್ಮೈ ಮತ್ತೆ ಮೆತ್ತಗಾಗಿ ಹಗಲಿನ ಬಿಗಿತ ಸಡಿಲಗೊಳ್ಳುತ್ತದೆ. ಈ ವಿಶ್ರಾಂತಿ ಪುಕ್ಕಟೆ ಸಿಗುವುದೇ ಸೋಲಾರ್ ಕಿಲ್ನಿನ ದೊಡ್ಡ ಲಾಭ.

ಅಟ್ಟಿ ಒಟ್ಟುವಾಗ ಹಲಗೆಗಳ ನಡುವೆ ಗಾಳಿಯಾಡಲು ಮುಕ್ಕಾಲು ಇಂಚಿನ ಒಣ ರೀಪು (ಕಟ್ಟಿಗೆಯ ಪಟ್ಟಿ) ಒಂದೂವರೆ ಅಡಿಗೊಂದರಂತೆ, ಒಂದರ ಮೇಲೊಂದು ನೇರ ಸಾಲಿನಲ್ಲಿ. ಮೇಲೆ ಶಹಾಬಾದ್ ಫರಸಿಯ ಭಾರ. ಕೊಯ್ದ ದಿನವೇ ಹಲಗೆಯ ತುದಿಗಳಿಗೆ ಮೇಣ ಅಥವಾ ದಪ್ಪಗೆ ಎರಡು ಕೋಟು ಎನಾಮಲ್. ಜಾಲಿಮರದ ಹಲಗೆಗಂತೂ ಇದನ್ನು ತಪ್ಪಿಸುವ ಹಾಗಿಲ್ಲ.

ಇನ್ನು ಕಿಂಡಿ. ಯಾವಾಗ ಎಷ್ಟು ತೆರೆಯಬೇಕೆಂದು ತಿಳಿಯಲು ತಕ್ಕಡಿ ಬೇಕು. ತೇವ ಅಳೆಯುವ ಪಿನ್ನಿನ ಮೀಟರು ಶೇ 30ರ ಮೇಲೆ ನಂಬಿಕೆಗೆ ಬರುವುದಿಲ್ಲ, ಬಿಸಿ ಹಲಗೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ. ಹಲಗೆಯ ತುದಿಯಿಂದ ಒಂದಡಿ ಬಿಟ್ಟು ಒಂದಿಂಚಿನ ತುಂಡು ಕೊಯ್ದು ಕೂಡಲೇ ತೂಗಿ, 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಇಡಿ. ಹಸಿ 182 ಗ್ರಾಂ, ಒಣಗಿದ ಮೇಲೆ 130 ಗ್ರಾಂ ಎಂದರೆ ತೇವ ಒಣ ತೂಕದ ಶೇ 40. ಅದೇ ಹಲಗೆಯಿಂದ ಕೊಯ್ದ ಮಾದರಿ ತುಂಡು ಈಗ 4.2 ಕಿಲೋ ತೂಗಿದರೆ ಅದರ ಒಣ ತೂಕ 3 ಕಿಲೋ, 3.36ಕ್ಕೆ ಬಂದ ದಿನ ಶೇ 12. ಆ ತುಂಡಿನ ತುದಿಗಳಿಗೂ ಬಣ್ಣ ಬಳಿದು ಅಟ್ಟಿಯಲ್ಲೇ ಇಟ್ಟು ದಿನಾ ತೂಗಬೇಕು. ಗಟ್ಟಿ ಕಟ್ಟಿಗೆ ದಿನಕ್ಕೆ ಶೇ 2ಕ್ಕಿಂತ ಹೆಚ್ಚು ತೇವ ಬಿಟ್ಟರೆ, ಅಂದರೆ ಈ ತುಂಡು 60 ಗ್ರಾಂ ದಾಟಿ ಇಳಿದರೆ, ಕಿಂಡಿ ಕಿರಿದು ಮಾಡಿ. ಶೇ 20ರ ಕೆಳಗೆ ಬಂದ ಮೇಲೆ ಹೆಚ್ಚುಕಡಿಮೆ ಮುಚ್ಚಿಯೇ ಇಟ್ಟು ಬಿಸಿ ಏರಲು ಬಿಡಿ.

ಸಾಗವಾನಿ ನಿಧಾನ, ಆದರೆ ಉಪದ್ವ್ಯಾಪವಿಲ್ಲ. ಮಾವಿನದು ಉಲ್ಟಾ: ತಡ ಮಾಡಿದರೆ ನೀಲಿ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಮೊದಲ ವಾರ ಕಿಂಡಿ ಅಗಲವಾಗಿಯೇ ಇರಲಿ. ಅದರಲ್ಲಿ ಕಟ್ಟಿಗೆ ಕೊರೆದು ಹುಡಿ ಮಾಡುವ ಹುಡಿಹುಳುವಿನ ಕಾಟವೂ ಉಂಟು. ಹುಳು ಸಾಯುವಂತೆ ಹಲಗೆಯ ಗರ್ಭ 56 ಡಿಗ್ರಿಯಲ್ಲಿ ಅರ್ಧ ಗಂಟೆ ನಿಲ್ಲುತ್ತದೆಂದು ಸೋಲಾರ್ ಪೆಟ್ಟಿಗೆಯ ಮೇಲೆ ಭರವಸೆ ಇಡಲಾಗದು; ಒಟ್ಟುವ ಮುಂಚೆ ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದುವುದೇ ಸರಿ.

ಮಳೆಗಾಲದಲ್ಲಿ ಅಂಕ ಕಡಿಮೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಶೇ 15ರ ಹತ್ತಿರ ಬಂದು ತೂಕ ಅಲ್ಲೇ ನಿಲ್ಲುತ್ತದೆ. ಮಳೆ ಕಡಿಮೆಯಿರುವ ಗದಗಿನ ಕಡೆ ಇಷ್ಟು ಕಾಯಬೇಕಿಲ್ಲ. ಬೇಸಿಗೆಯಲ್ಲೇ ಒಣಗಿಸಿಟ್ಟ ಹಲಗೆಯಾದರೂ ಜೂನ್‌ಗೆ ಮುಂಚೆ ರೀಪು ತೆಗೆದು, ಒತ್ತಾಗಿ ಒಟ್ಟಿ, ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಕೋಣೆಗೆ ಸೇರಿಸಿ.