ದಿನಕ್ಕೊಂದು ಪುಟದ ಡೈರಿ: ಬಿಡುವಿಲ್ಲದವರಿಗೆ ಹೊರೆಯೇ ಹೆಚ್ಚು
ಎ5 ಅಳತೆಯ (ಎ4 ಹಾಳೆಯ ಅರ್ಧದಷ್ಟು) ಈ ಬಗೆಯ ಡೈರಿ ಕೊಳ್ಳುವ ಮುನ್ನ ತೂಕ ನೋಡಿ. 365 ಪುಟಕ್ಕೆ 183 ಹಾಳೆ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದವಾದರೆ ರಟ್ಟು ಬಿಟ್ಟೇ ಸುಮಾರು 450 ಗ್ರಾಂ. ತಾರೀಕು ಅಚ್ಚಾಗಿರುವುದು ಇನ್ನೊಂದು ತೊಡಕು: ನಾಲ್ಕು ದಿನ ಬರೆಯದಿದ್ದರೆ ಖಾಲಿ ಪುಟಗಳು ಅಣಕಿಸುತ್ತವೆ, ಆಮೇಲೆ ಡೈರಿ ಮೂಲೆ ಸೇರುತ್ತದೆ.

ವಾರಕ್ಕೆರಡು ಪುಟದ, ತಾರೀಕಿಲ್ಲದ್ದೇ ಮೇಲು. 52 ಹಾಳೆಯಲ್ಲಿ ವರ್ಷ ಮುಗಿಯುತ್ತದೆ. ಎಡಕ್ಕೆ ಕೆಲಸ, ಬಲಕ್ಕೆ ಮನೆ. ಅಡಿಯಲ್ಲಿ ನಾಲ್ಕು ಸಾಲು ಬಿಟ್ಟು, ವಾರದ ಕೊನೆಗೆ ಏನು ತಪ್ಪಿತು, ಏಕೆ ಎಂದಷ್ಟೇ ಬರೆಯಿರಿ. ‘ಸಮಯ ಸಾಲಲಿಲ್ಲ’ ಎಂದರೆ ಏನೂ ತಿಳಿಯದು. ‘2 ಗಂಟೆ ಅಂದುಕೊಂಡದ್ದು 5 ಆಯಿತು’ ಎಂದಿರಲಿ, ಮುಂದಿನ ಅಂದಾಜಿಗೆ ಅದೇ ಆಧಾರ. ಮೂರು ತಿಂಗಳಿಗೊಮ್ಮೆ ಈ ಸಾಲುಗಳನ್ನಷ್ಟೇ ಓದಿದರೆ ಸಾಕು.

ಹೊಲಿಗೆ ಬೈಂಡಿಂಗ್ ಇರುವುದನ್ನೇ ಆರಿಸಿ. ಬರೀ ಅಂಟಿನದಾದರೆ ಪುಟ ಅಗಲಿಸಿ ಒತ್ತಿದಾಗ ಬೆನ್ನು ಬಿರಿದು ಹಾಳೆ ಕಳಚುತ್ತದೆ.