ತಾಯಿಯ ಬಾಯಿಂದ ಮಗುವಿನ ಹೆಜ್ಜೆಗೆ: ಕೇಪ್ ಬ್ರೆಟನ್ನಿನ ಒಂದು ಮನೆಯವರ ಸಂಗೀತ, ನೃತ್ಯ

ಕೆನಡಾದಲ್ಲಿ ಮೇ ತಿಂಗಳ ಎರಡನೆಯ ಭಾನುವಾರ ತಾಯಂದಿರ ದಿನ. ಆ ದಿನ ಮಧ್ಯಾಹ್ನ ನೋವಾ ಸ್ಕೋಷಿಯಾ ಪ್ರಾಂತ್ಯದ ಕೇಪ್ ಬ್ರೆಟನ್ ದ್ವೀಪದಲ್ಲಿ, ಜುಡೀಕ್, ಮಬೂ, ಇನ್ವರ್‌ನೆಸ್ ಊರುಗಳನ್ನು ಪೋಣಿಸಿಕೊಂಡು ಪಶ್ಚಿಮ ಕರಾವಳಿಯಲ್ಲಿ ಸಾಗುವ 19ನೇ ಹೆದ್ದಾರಿಯ ಬದಿಯ ಒಂದು ಸಮುದಾಯ ಭವನದಲ್ಲಿ, ಒಂದೇ ಮನೆಯ ಮೂರು ತಲೆಮಾರಿನ ಏಳು ಮಂದಿ ನಡೆಸಿಕೊಟ್ಟ ಎರಡೂವರೆ ಗಂಟೆಯ ಕಾರ್ಯಕ್ರಮವನ್ನು ನೋಡಿದೆ. ಅಜ್ಜಿ ಹಾಡಿದರು, ಮಗಳು ಪಿಟೀಲು ನುಡಿಸಿದರು, ಅಳಿಯ ಪಿಯಾನೋ ನುಡಿಸಿದರು. ಏಳರಿಂದ ಹದಿನೇಳರವರೆಗಿನ ವಯಸ್ಸಿನ ನಾಲ್ವರು ಮಕ್ಕಳು ಸರದಿಯಂತೆ ವಾದ್ಯ ಹಿಡಿದರು, ಕುಣಿದರು. ಇದರ ಮೊದಲ ಭಾಗ ನಾನು ಈವರೆಗೆ ಕೇಳಿದ ಕೆಲ್ಟಿಕ್ (ಸ್ಕಾಟ್ಲೆಂಡ್, ಐರ್ಲೆಂಡ್ ಮೂಲದ) ಸಂಗೀತದಲ್ಲೆಲ್ಲ ಅತ್ಯಂತ ಆಪ್ತವಾದದ್ದು. ಎರಡನೆಯ ಭಾಗ ಆ ಮಟ್ಟದಲ್ಲಿ ನಿಲ್ಲಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಪರದೆ ಸರಿದಾಗ ವೇದಿಕೆಯ ಮೇಲೆ ಇದ್ದದ್ದು ಒಂದು ಅಡುಗೆಮನೆಯ ಮೇಜು, ಒಂದು ಕುರ್ಚಿ, ಅದರ ಮೇಲೆ ಅಜ್ಜಿ. ವಾದ್ಯಗಳೊಂದೂ ಇರಲಿಲ್ಲ. ಅವರು ಬೆರಳಿನಿಂದ ಮೇಜನ್ನು ತಟ್ಟುತ್ತ ಸ್ಕಾಟ್ಲೆಂಡಿನ ಹಳೆಯ ನುಡಿಯಾದ ಗೇಲಿಕ್ ಭಾಷೆಯ ‘ಪೂರ್ಶ್ತ್ ಅ ಬಿಯಲ್’ ಹಾಡತೊಡಗಿದರು. ಹಾಗೆಂದರೆ ಬಾಯಿಯ ಮಟ್ಟುಗಳು ಎಂದರ್ಥ. ವಾದ್ಯವಿಲ್ಲದ ಕಡೆ ಕುಣಿತ ನಿಲ್ಲಬಾರದೆಂದು, ಪಿಟೀಲಿನ ಮಟ್ಟನ್ನೇ ಬಾಯಲ್ಲಿ ನುಡಿಯುವ ಪದ್ಧತಿ ಇದು. ಮಾತಿಗೆ ಅರ್ಥವಿದ್ದರೂ ಇಲ್ಲದಿದ್ದರೂ ಇಲ್ಲಿ ನಡೆಯುವುದು ಲಯದ ಕೆಲಸವೇ: ಯಾವ ಅಕ್ಷರಕ್ಕೆ ಒತ್ತು ಬೀಳಬೇಕು, ಯಾವುದು ತಟಕ್ಕನೆ ಮುರಿಯಬೇಕು ಎಂಬುದನ್ನು ಗೇಲಿಕ್ ನುಡಿಯೇ ತೀರ್ಮಾನಿಸುತ್ತದೆ. ಒಂದು ನಿಮಿಷ ಕಳೆಯುವುದರೊಳಗೆ ಏಳು ವರ್ಷದ ಮೊಮ್ಮಗಳು ಪಕ್ಕದ ಬಾಗಿಲಿನಿಂದ ಬಂದು ಆ ಬಾಯಿಮಟ್ಟಿಗೆ ಹೆಜ್ಜೆ ಹಾಕಿದಳು. ಅವಳ ಬೂಟಿನ ಸಪ್ಪಳ ಅಜ್ಜಿಯ ಒಂದೊಂದು ಅಕ್ಷರದ ಮೇಲೂ ಕೂತಿತು. ಆಮೇಲೆ ತಾಯಿ ಅದೇ ಮಟ್ಟನ್ನು ಪಿಟೀಲಿನಲ್ಲಿ ಎತ್ತಿಕೊಂಡಾಗ, ಕಮಾನಿನ ಪ್ರತಿಯೊಂದು ಎಳೆತದಲ್ಲೂ ಅಜ್ಜಿಯ ಉಚ್ಚಾರಣೆಯೇ ಕೇಳಿಸುತ್ತಿತ್ತು. ತಾಯಂದಿರ ಬಗ್ಗೆ ಒಂದು ಮಾತನ್ನೂ ಆಡದೆ ಈ ಕುಟುಂಬ ಆ ಹತ್ತು ನಿಮಿಷಗಳಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿತು.

ಈ ಆರಂಭ ಕೇವಲ ರಂಗತಂತ್ರವಲ್ಲ ಎಂಬುದನ್ನು ತಿಳಿಯಲು ದ್ವೀಪದ ಇತಿಹಾಸವನ್ನು ಸ್ವಲ್ಪ ನೋಡಬೇಕು. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಮತ್ತು ಪಶ್ಚಿಮ ದ್ವೀಪಗಳಿಂದ ಗೇಲಿಕ್ ಮಾತಾಡುವ ಸಾವಿರಾರು ಮಂದಿ ಇಲ್ಲಿಗೆ ಬಂದು ನೆಲೆಸಿದರು. ದ್ವೀಪಕ್ಕೆ ಮುಖ್ಯ ಭೂಭಾಗದೊಂದಿಗೆ ರಸ್ತೆಯ ಸಂಪರ್ಕ ಕಲ್ಪಿಸಿದ ಕ್ಯಾನ್ಸೊ ಕಾಸ್‌ವೇ ತೆರೆದದ್ದು 1955ರಲ್ಲಿ. ಅಲ್ಲಿಯವರೆಗೆ ದ್ವೀಪ ದ್ವೀಪವಾಗಿಯೇ ಉಳಿದದ್ದರಿಂದ ಹಳೆಯ ನುಡಿಸಾಣಿಕೆ ಇಲ್ಲಿ ಹೆಚ್ಚು ಕಾಲ ಬಾಳಿತು. ವೇದಿಕೆಯ ಮೇಲೆ ಹೆಸರು ಮಾಡಿದ ಹಳೆಯ ಪಿಟೀಲುಗಾರರಲ್ಲಿ ಹೆಚ್ಚಿನವರು ಗಂಡಸರು. ಆದರೆ ಮನೆಯೊಳಗೆ ಕೆಲಸದ ನಡುವೆ ಮಟ್ಟುಗಳನ್ನು ಗುನುಗಿ ಮಕ್ಕಳ ಕಿವಿಗೆ ಹಾಕಿದವರಲ್ಲಿ ತಾಯಂದಿರು ಬಹಳ ಮಂದಿ. ಇದೇ ಇನ್ವರ್‌ನೆಸ್ ಕೌಂಟಿಯ ನಟಾಲಿ ಮ್ಯಾಕ್‌ಮಾಸ್ಟರ್ ಇಂದು ಜಗತ್ತಿಗೆಲ್ಲ ಪರಿಚಿತ ಪಿಟೀಲುವಾದಕಿ. ಅವರು ಒಂಬತ್ತನೆಯ ವಯಸ್ಸಿನಲ್ಲಿ ಪಿಟೀಲು ಹಿಡಿಯುವುದಕ್ಕೂ ಮೊದಲೇ ತಾಯಿಯಿಂದ ಸ್ಟೆಪ್ ಡ್ಯಾನ್ಸ್, ಅಂದರೆ ಪಾದದ ಸಪ್ಪಳದಿಂದ ತಾಳ ಕಟ್ಟುವ ಕುಣಿತ, ಕಲಿತಿದ್ದರು. 2002ರಲ್ಲಿ ಒಂಟಾರಿಯೊದ ಪಿಟೀಲುವಾದಕ ಡೊನೆಲ್ ಲೇಹಿ ಅವರನ್ನು ಮದುವೆಯಾದ ಅವರು ಈಗ ಏಳು ಮಕ್ಕಳ ತಾಯಿ. ಮಕ್ಕಳೂ ಅವರೊಂದಿಗೆ ವೇದಿಕೆ ಏರುತ್ತಾರೆ. ನಾನು ನೋಡಿದ ಕುಟುಂಬ ಅಷ್ಟು ಪ್ರಸಿದ್ಧವಲ್ಲದಿದ್ದರೂ ಅದೇ ಮಣ್ಣಿನದು.

ಮೊದಲ ಭಾಗದ ಉಳಿದ ಸಮಯವೆಲ್ಲ ಪಿಟೀಲು, ಪಿಯಾನೋ, ಹೆಜ್ಜೆಗಳಿಗೆ ಮೀಸಲಾಗಿತ್ತು. ನಿಧಾನದ ಒಂದು ರಾಗದಿಂದ ಹೊರಟು, ಮಾರ್ಚ್ ನುಡಿಸಿ, ಅಲ್ಲಿಂದ ತೂಕದ ಹೆಜ್ಜೆಯ ಕುಣಿತದ ಮಟ್ಟಾದ ಸ್ಟ್ರಾತ್‌ಸ್ಪೇಗೆ ಇಳಿದು, ಉಸಿರು ಬಿಡದೆ ವೇಗದ ಕುಣಿತದ ಮಟ್ಟಾದ ರೀಲ್‌ಗೆ ಹೊರಳುವ ಉದ್ದನೆಯ ಜೋಡಣೆ ಈ ದ್ವೀಪದ ಜೀವಾಳ. ಸ್ಪೇ ನದಿಯ ಕಣಿವೆಯಿಂದ ಹೆಸರು ಪಡೆದ ಸ್ಟ್ರಾತ್‌ಸ್ಪೇಯಲ್ಲಿ ಒಂದು ಗಿಡ್ಡ ಸ್ವರ ಮುಂದಿನ ಉದ್ದ ಸ್ವರವನ್ನು ತಟ್ಟಿ ಎಬ್ಬಿಸುವಂತಹ ಮುರಿತ ಇರುತ್ತದೆ. ತಾಯಿ ಅದನ್ನು ನುಡಿಸಿದ ರೀತಿ ಅಪರೂಪದ್ದು: ಕಮಾನಿಗೆ ಬಲ ಹಾಕಿಯೂ ನಾದ ಒರಟಾಗಲಿಲ್ಲ. ಎರಡು ಮಟ್ಟುಗಳಿಗೆ ಅವರು ‘ಹೈ ಬಾಸ್’ ಶ್ರುತಿಯ ಬೇರೊಂದು ಪಿಟೀಲನ್ನು ತೆಗೆದುಕೊಂಡರು. ಅದರಲ್ಲಿ ಕೆಳಗಿನ ಎರಡು ತಂತಿಗಳನ್ನು ಒಂದೊಂದು ಸ್ವರದಷ್ಟು ಏರಿಸಿರುತ್ತಾರೆ. ಆಗ ತೆರೆದ ತಂತಿಗಳು ತಾವಾಗಿಯೇ ಮೊಳಗಿ, ಬ್ಯಾಗ್‌ಪೈಪಿನ ಶ್ರುತಿಯಂತೆ ಮಟ್ಟಿನ ಅಡಿಯಲ್ಲಿ ತುಂಬಿ ನಿಲ್ಲುತ್ತವೆ. ಆ ಚಿಕ್ಕ ಭವನದಲ್ಲಿ ಅದು ಎದೆಗೇ ತಾಗಿತು.

ನೃತ್ಯದ ಬಗ್ಗೆ ಒಂದು ಮಾತು ಸ್ಪಷ್ಟಪಡಿಸಬೇಕು. ಕೆಲ್ಟಿಕ್ ನೃತ್ಯ ಎಂದೊಡನೆ ಸಾಲಾಗಿ ನಿಂತು, ತೋಳುಗಳನ್ನು ಮೈಗೆ ಅಂಟಿಸಿ, ಮೊಣಕಾಲಿಗಿಂತ ಎತ್ತರಕ್ಕೆ ಕಾಲು ಚಿಮ್ಮುವ ಐರ್ಲೆಂಡಿನ ಸ್ಪರ್ಧಾನೃತ್ಯವನ್ನು ನೆನೆಯುವವರು ಹೆಚ್ಚು. ಕೇಪ್ ಬ್ರೆಟನ್ನಿನ ಸ್ಟೆಪ್ ಡ್ಯಾನ್ಸ್ ಬೇರೆಯದೇ ಬಗೆ. ಇಲ್ಲಿ ಪಾದ ನೆಲ ಬಿಟ್ಟು ಹೆಚ್ಚು ಏಳುವುದಿಲ್ಲ, ತೋಳುಗಳು ಸಡಿಲವಾಗಿ ಇಳಿಬಿದ್ದಿರುತ್ತವೆ, ಕೆಲಸವೆಲ್ಲ ಮೊಣಕಾಲಿನ ಕೆಳಗೆ ನಡೆಯುತ್ತದೆ. ಹದಿನೇಳರ ಮಗ ಒಂದು ಹಲಗೆಯಗಲದ ಜಾಗದಲ್ಲಿ ಐದು ನಿಮಿಷ ಕುಣಿದನು. ಸ್ಟ್ರಾತ್‌ಸ್ಪೇಯ ತೂಕದ ಹೆಜ್ಜೆಯಿಂದ ರೀಲಿನ ಹಗುರ ಹೆಜ್ಜೆಗೆ ಅವನು ಬದಲಾದ ಕ್ಷಣವನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸಿತು. ತಾಯಿ ಅವನ ಪಾದಗಳನ್ನೇ ನೋಡುತ್ತ ನುಡಿಸುತ್ತಿದ್ದರು. ಅವನು ಹೆಜ್ಜೆಯೊಂದನ್ನು ಎಳೆದರೆ ಅವರ ಕಮಾನೂ ಎಳೆಯಿತು.

ವಿರಾಮಕ್ಕೆ ಮುನ್ನ ಅವರು ಉಣ್ಣೆಬಟ್ಟೆ ಬಡಿಯುವ ಹಾಡುಗಳನ್ನು ಹಾಡಿಸಿದರು. ಹೊಸದಾಗಿ ನೇಯ್ದ ಬಟ್ಟೆಯನ್ನು ನೆನೆಸಿ, ಮೇಜಿನ ಸುತ್ತ ಕೂತು ತಾಳಕ್ಕೆ ಸರಿಯಾಗಿ ಬಡಿದು ಬಿಗಿ ಮಾಡುವ ಕೆಲಸ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಹೆಂಗಸರದ್ದಾಗಿತ್ತು. ನೋವಾ ಸ್ಕೋಷಿಯಾಕ್ಕೆ ಬಂದ ಮೇಲೆ ಗಂಡಸರೂ ಸೇರಿಕೊಂಡರು. ಸಭಿಕರಲ್ಲಿ ಹತ್ತು ಮಂದಿ ತಾಯಂದಿರನ್ನು ಮೇಲಕ್ಕೆ ಕರೆದು ಬಟ್ಟೆಯ ಅಂಚು ಹಿಡಿಸಿದ್ದು ಒಳ್ಳೆಯ ಯೋಚನೆ. ಆದರೆ ಹಾಡಿನ ಅರ್ಥವನ್ನು ಎರಡು ವಾಕ್ಯಗಳಲ್ಲಾದರೂ ಮೊದಲೇ ಹೇಳಬೇಕಿತ್ತು. ಗೇಲಿಕ್ ಬಾರದ ನನ್ನಂಥವರು ಪಲ್ಲವಿಗೆ ದನಿಗೂಡಿಸಿದೆವೇ ಹೊರತು ಯಾವುದಕ್ಕೆ ದನಿಗೂಡಿಸಿದೆವು ಎಂದು ತಿಳಿಯಲಿಲ್ಲ.

ಎರಡನೆಯ ಭಾಗದ ತೊಂದರೆ ಶುರುವಾದದ್ದು ಚಿತ್ರಮಾಲೆಯಿಂದ. ಮನೆಯ ಹಳೆಯ ಛಾಯಾಚಿತ್ರಗಳನ್ನು ತೆರೆಯ ಮೇಲೆ ಹರಿಯಬಿಟ್ಟು, ಧ್ವನಿಮುದ್ರಿತ ಹಾರ್ಪ್ ಸಂಗೀತದ ಮೇಲೆ ತಾಯಿಯ ತ್ಯಾಗದ ಬಗ್ಗೆ ಬರೆದ ಗದ್ಯವನ್ನು ಓದಿದರು. ಓದಿದ ಹುಡುಗಿಯ ಪ್ರಾಮಾಣಿಕತೆಯಲ್ಲಿ ನನಗೆ ಅನುಮಾನವಿಲ್ಲ, ಅವಳ ಗಂಟಲು ಕಟ್ಟಿದ್ದೂ ನಿಜ. ಆದರೆ ಆ ಅಜ್ಜಿ ನಾಲ್ಕು ಹೆಜ್ಜೆಯಾಚೆ ಕೂತಿದ್ದಾಗ ಧ್ವನಿಮುದ್ರಿತ ಸಂಗೀತದ ಅಗತ್ಯವೇನಿತ್ತು? ಅವರು ಗೇಲಿಕ್ಕಿನ ಒಂದು ಜೋಗುಳ ಹಾಡಿದ್ದರೆ ಆ ಛಾಯಾಚಿತ್ರಗಳಿಗೆ ಜೀವ ಬರುತ್ತಿತ್ತು. ಕೊನೆಯ ಇಪ್ಪತ್ತು ನಿಮಿಷ ಧ್ವನಿಮುದ್ರಿತ ಡ್ರಮ್‌ಗಳ ಜೊತೆ ನಾಲ್ವರೂ ಮಕ್ಕಳು ಸಾಲಾಗಿ ನಿಂತು ದೊಡ್ಡ ನಗರಗಳ ರಂಗಪ್ರದರ್ಶನದ ಶೈಲಿಯಲ್ಲಿ ಕುಣಿದರು. ಧ್ವನಿವರ್ಧಕದ ಅಬ್ಬರದಲ್ಲಿ ಪಾದದ ಸಪ್ಪಳ ಪೂರಾ ಮುಳುಗಿತು. ಎಡಗೈಯಲ್ಲಿ ಮಂದ್ರದ ಜೋಡಿಸ್ವರಗಳನ್ನು ನಡೆಸುತ್ತ ಬಲಗೈಯಲ್ಲಿ ತಾಳದ ಎಡೆಗಳಿಗೆ ಗುದ್ದು ಕೊಡುವ ತಂದೆಯ ಸೊಗಸಾದ ಪಿಯಾನೋ ಕೂಡ ಕೇಳಿಸದಾಯಿತು. ಸ್ಟೆಪ್ ಡ್ಯಾನ್ಸಿನಲ್ಲಿ ಕಾಲೇ ಒಂದು ವಾದ್ಯ. ಅದನ್ನು ಕೇಳದಂತೆ ಮಾಡಿದ ಮೇಲೆ ಉಳಿಯುವುದು ವ್ಯಾಯಾಮ ಮಾತ್ರ.

ಇಷ್ಟಾದರೂ ಇಪ್ಪತ್ತೈದು ಡಾಲರಿನ ಟಿಕೆಟ್ಟಿಗೆ ಇದು ನಿಸ್ಸಂದೇಹವಾಗಿ ನೋಡತಕ್ಕ ಕಾರ್ಯಕ್ರಮ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗಂತೂ ಇನ್ನೂ ಹೆಚ್ಚು. ನೆಲ ಸಮತಟ್ಟಾಗಿರುವುದರಿಂದ ಮೂರನೆಯ ಸಾಲಿನಿಂದ ಹಿಂದೆ ಕೂತರೆ ಪಾದಗಳು ಕಾಣುವುದಿಲ್ಲ. ಬೇಗ ಹೋಗಿ ಮುಂದಿನ ಸಾಲಿನ ಬಲಬದಿಯನ್ನು ಹಿಡಿಯಿರಿ, ಅಲ್ಲಿಂದ ಪಿಯಾನೋ ನೇರವಾಗಿ ಕೇಳಿಸುತ್ತದೆ. ಮುಗಿದೊಡನೆ ಎದ್ದು ಹೋಗಲೂ ಬೇಡಿ. ಕುರ್ಚಿಗಳನ್ನು ಗೋಡೆಗೆ ಸರಿಸಿ ಚೌಕ ಕಟ್ಟಿ ಎಲ್ಲರೂ ಕುಣಿಯುವ ಸ್ಕ್ವೇರ್ ಸೆಟ್ ಆಮೇಲೆ ನಡೆಯುತ್ತದೆ. ಆಗ ಹಿರಿಯ ಮಗ ಪಿಟೀಲು ತೆಗೆದುಕೊಂಡನು, ಮಧ್ಯಾಹ್ನವಿಡೀ ಇತರರ ಹೆಜ್ಜೆಗೆ ನುಡಿಸಿದ ತಾಯಿ ಮೊದಲ ಬಾರಿಗೆ ನೆಲಕ್ಕಿಳಿದು ಕುಣಿದರು. ಧ್ವನಿವರ್ಧಕವನ್ನು ಆರಿಸಿದ್ದರಿಂದ ಅವರ ಒಂದೊಂದು ಹೆಜ್ಜೆಯೂ ಕೇಳಿಸಿತು. ನೀವೂ ಸೇರಿಕೊಳ್ಳುವುದಾದರೆ ಚರ್ಮದ ಅಟ್ಟೆಯ ಬೂಟು ಹಾಕಿಕೊಂಡು ಹೋಗಿ. ನನ್ನ ರಬ್ಬರಿನ ಅಟ್ಟೆ ಆ ಮರದ ನೆಲಕ್ಕೆ ಹಿಡಿದುಕೊಳ್ಳುತ್ತಿತ್ತು.